ಮದುವೆಯ ತಾರೀಖು, ವೀಸಾದ ದಾರಿ

(ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯ ಆಶಯ ಕುಟುಂಬ ಮತ್ತು ಕಾನೂನು. ನನಗಿಂತ ಹಿಂದೆ ಇಲ್ಲಿ ನಿಂತವರು ಆಸ್ತಿ, ಉಯಿಲು, ಜೀವನಾಂಶ, ದತ್ತು ಎಲ್ಲವನ್ನೂ ವಿಸ್ತಾರವಾಗಿ ಹೇಳಿಹೋಗಿದ್ದಾರೆ. ನಾನು ಆರಿಸಿಕೊಂಡದ್ದು ನಮ್ಮ ಮನೆಗಳಲ್ಲಿ ದಿನವೂ ಮಾತಾಗುವ, ಆದರೆ ವೇದಿಕೆ ಹತ್ತದ ಒಂದು ವಿಷಯ. ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದು ದೇಶದಲ್ಲಿ. ಇಬ್ಬರೂ ಒಂದು ಮನೆ ಸೇರಬೇಕು. ಅದಕ್ಕೆ ದಾರಿಗಳು ಹಲವು. ಯಾವ ದಾರಿಯ ಅರ್ಜಿ ಹಾಕಬೇಕು? ಅಮೆರಿಕದ ಉದಾಹರಣೆಯನ್ನೇ ಹೆಚ್ಚಾಗಿ ಹಿಡಿಯುತ್ತೇನೆ. ನಮ್ಮವರು ಅಲ್ಲಿ ಹೆಚ್ಚಿದ್ದಾರೆ, ತೊಡಕೂ ಅಲ್ಲೇ ಹೆಚ್ಚು.

ನಾನು ಮೈಸೂರಿನಲ್ಲಿ ವಕೀಲಿ ಮಾಡುವವಳು, ಅಮೆರಿಕದ ಕೋರ್ಟಿನಲ್ಲಿ ನಿಂತವಳಲ್ಲ. ಆದರೆ ಅಲ್ಲಿಗೆ ಹೋಗುವ ಕಾಗದಗಳಲ್ಲಿ ಅರ್ಧ ನಮ್ಮೂರಲ್ಲೇ ತಯಾರಾಗುತ್ತವೆ. ಸಬ್ ರಿಜಿಸ್ಟ್ರಾರ್ ಆಫೀಸಿನ ವಿವಾಹ ನೋಂದಣಿ ಪತ್ರ, ಜನನ ಪ್ರಮಾಣಪತ್ರ ಸಿಗದವರಿಗೆ ತಂದೆ ತಾಯಿಯ ಅಫಿಡವಿಟ್, ಇನಿಷಿಯಲ್ ಬಿಡಿಸಿ ಬರೆದ ಹೆಸರಿಗೆ ಇನ್ನೊಂದು ಅಫಿಡವಿಟ್. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೆಲ್ಲ ಸರ್‌ನೇಮಿಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ಗೊತ್ತಿಲ್ಲ, ಎಂದು ಬೀಳುತ್ತದೆ. ಮದುಮಗಳು ಇದನ್ನು ಪಾಸ್‌ಪೋರ್ಟ್ ಮಾಡಿಸುವಾಗಲೇ ಸರಿಮಾಡಿಕೊಂಡರೆ ಮುಂದೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅಲೆದಾಟ ತಪ್ಪುತ್ತದೆ. ಇದು ಚಿಕ್ಕ ಮಾತು. ದೊಡ್ಡ ಮಾತಿಗೆ ಬರುತ್ತೇನೆ.

ನಮ್ಮ ಮನೆಗಳಲ್ಲಿ ಅಮೆರಿಕದ ಹುಡುಗ ಎಂದರೆ ಜಾತಕ ನೋಡುತ್ತಾರೆ, ಗೋತ್ರ ನೋಡುತ್ತಾರೆ, ಸಂಬಳ ಕೇಳುತ್ತಾರೆ, ಸ್ವಂತ ಮನೆ ಇದೆಯೇ ಎಂದು ವಿಚಾರಿಸುತ್ತಾರೆ. ಯಾವ ಕಾಗದದ ಮೇಲೆ ಅಲ್ಲಿದ್ದಾನೆ ಎಂದು ಕೇಳುವವರು ಕಡಿಮೆ. ಕೇಳಿದರೂ, 'ಗ್ರೀನ್ ಕಾರ್ಡ್ ಬಂದಿದೆ' ಎಂದ ಕೂಡಲೇ ಹೆಣ್ಣಿನ ತಂದೆಗೆ ಸಮಾಧಾನ. ಗಟ್ಟಿಯಾಗಿ ನೆಲೆ ನಿಂತ ಹುಡುಗ ಎಂಬ ಭಾವನೆ. ಹುಡುಗನ ಮಟ್ಟಿಗೆ ಅದು ನಿಜ. ಮದುವೆಯಾಗಿ ಬರುವ ಹುಡುಗಿಯ ಮಟ್ಟಿಗೆ ಹೆಚ್ಚು ಕಾಯಿಸುವವನು ಇವನೇ.

ಒಂದೇ ಕಂಪನಿಯಲ್ಲಿ ಮೂವರು ಹುಡುಗರಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬ ಎಚ್-1ಬಿ ವೀಸಾದ ಮೇಲಿದ್ದಾನೆ. ಕಾನೂನಿನ ಕಣ್ಣಲ್ಲಿ ತಾತ್ಕಾಲಿಕ ಕೆಲಸಗಾರ. ಇನ್ನೊಬ್ಬನಿಗೆ ಗ್ರೀನ್ ಕಾರ್ಡ್ ಆಗಿದೆ; ಕಾಯಂ ನಿವಾಸಿ. ಮೂರನೆಯವನು ಅಮೆರಿಕದ ಪ್ರಜೆ. ಮೂವರೂ ಒಂದೇ ತಿಂಗಳು ಊರಿಗೆ ಬಂದು ಮದುವೆಯಾಗುತ್ತಾರೆ. ತಾತ್ಕಾಲಿಕನ ಹೆಂಡತಿ ಅವಲಂಬಿತರ ಎಚ್-4 ವೀಸಾಕ್ಕೆ ಅರ್ಜಿ ಹಾಕಿ, ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಡೇಟ್ ಸಿಕ್ಕರೆ ಸ್ಟಾಂಪಿಂಗ್ ಮುಗಿಸಿ ಹೊರಟುಬಿಡುತ್ತಾಳೆ. ಪ್ರಜೆಯ ಹೆಂಡತಿಗೆ ಐ-130 ಎಂಬ ಪಿಟಿಷನ್ ಹಾಕಬೇಕು. ಅವಳದು ಕೋಟಾ ಇಲ್ಲದ ಸಾಲು. ಆದರೂ ಕಡತ ಕಚೇರಿಯಿಂದ ಕಚೇರಿಗೆ ದಾಟಿ ಮುಗಿಯಲು ವರ್ಷ ದಾಟುವುದು ಸಾಮಾನ್ಯ. ನಡುವಿನವನ ಹೆಂಡತಿಗೆ ಅದೇ ಐ-130, ಆದರೆ ಅವಳು ನಿಲ್ಲುವುದು ಎಫ್2ಎ ಎಂಬ ಸಾಲಿನಲ್ಲಿ. ಇಡೀ ಜಗತ್ತಿನ ಗ್ರೀನ್ ಕಾರ್ಡ್‌ದಾರರ ಗಂಡ ಹೆಂಡಿರಿಗೂ ಅಪ್ರಾಪ್ತ ಮಕ್ಕಳಿಗೂ ಸೇರಿಸಿ ಆ ಸಾಲಿನಲ್ಲಿ ವರ್ಷಕ್ಕೆ ಇರುವುದು ಸುಮಾರು 88 ಸಾವಿರ ವೀಸಾ. ಪಿಟಿಷನ್ ಮಂಜೂರಾದರೂ ಪ್ರಯಾರಿಟಿ ಡೇಟ್, ಅಂದರೆ ಪಿಟಿಷನ್ ಹಾಕಿದ ತಾರೀಖಿನ ಸರದಿ, ಬರುವವರೆಗೆ ಕೂತಿರಬೇಕು.

ಈ ಸಾಲಿನ ನಡಿಗೆಯೂ ಒಂದೇ ಸಮ ಇರುವುದಿಲ್ಲ. 2019ರ ಜುಲೈಯಿಂದ ಕೆಲವು ವರ್ಷ ಎಫ್2ಎ 'ಕರೆಂಟ್' ಆಗಿತ್ತು, ಅಂದರೆ ಸಾಲೇ ಇರಲಿಲ್ಲ. ಆಗ ಮದುವೆಯಾದವರು 'ಏನೂ ತೊಂದರೆಯಿಲ್ಲ, ಬೇಗ ಆಗುತ್ತೆ' ಎಂದು ನೆಂಟರಿಗೆಲ್ಲ ಹೇಳಿದರು. ಸರದಿಯ ತಾರೀಖು ಪ್ರಕಟಿಸುವ ವೀಸಾ ಬುಲೆಟಿನ್ 2023ರ ಏಪ್ರಿಲ್‌ಗೆ ಬಂದಾಗ ತಾರೀಖು 2020ರ ಸೆಪ್ಟೆಂಬರಿಗೆ ಹಿಂದೆ ಸರಿಯಿತು. ಒಬ್ಬರ ಅನುಭವ ಇನ್ನೊಬ್ಬರಿಗೆ ಪಂಚಾಂಗವಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಇನ್ನೊಂದು ಪೆಟ್ಟು ಬಿತ್ತು. 2020ರ ಏಪ್ರಿಲ್‌ನ ಅಧ್ಯಕ್ಷೀಯ ಘೋಷಣೆ ವಲಸೆ ವೀಸಾಗಳನ್ನು ತಡೆದಾಗ ಪ್ರಜೆಗಳ ಸಂಗಾತಿಗಳಿಗೆ ವಿನಾಯಿತಿ ಇತ್ತು, ಗ್ರೀನ್ ಕಾರ್ಡ್‌ದಾರರ ಸಂಗಾತಿಗಳಿಗೆ ಇರಲಿಲ್ಲ. ಅದು ರದ್ದಾದದ್ದು 2021ರ ಫೆಬ್ರವರಿಯಲ್ಲಿ.

ಇಲ್ಲಿಯೇ ಮದುವೆಯ ತಾರೀಖಿನ ಪ್ರಶ್ನೆ ಬರುವುದು. ನೌಕರಿಯ ಮೂಲಕ ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಹುಡುಗ, ಕಾರ್ಡು ಮಂಜೂರಾಗುವ ಮುಂಚೆ ಮದುವೆಯಾದರೆ ಹೆಂಡತಿಯೂ ಅವನ ಕಡತದ ಭಾಗ. ಅಲ್ಲೇ ಎಚ್-4 ಮೇಲಿದ್ದರೆ ಜೊತೆಗೇ ಅರ್ಜಿ ಹಾಕಬಹುದು. ಊರಲ್ಲೇ ಇದ್ದರೆ, ಅವನ ಪ್ರಯಾರಿಟಿ ಡೇಟನ್ನೇ ಹಿಡಿದು 'ಫಾಲೋ ಟು ಜಾಯಿನ್' ಎಂಬ ದಾರಿಯಲ್ಲಿ ಹಿಂದಿನಿಂದ ಬಂದು ಸೇರಬಹುದು. ಕಾರ್ಡು ಮಂಜೂರಾದ ಮಾರನೆಯ ದಿನ ಮದುವೆಯಾದರೆ ಇದ್ಯಾವುದೂ ಇಲ್ಲ. ಎಚ್-4 ಕೊಡಲು ಅವನು ಈಗ ಎಚ್-1ಬಿ ಅಲ್ಲ. ಎಫ್2ಎ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕು. ಒಂದು ದಿನದ ಅಂತರಕ್ಕೆ ವರ್ಷಗಳ ದಂಡ. ಆಷಾಢ ಬಂತು, ಗುರುಬಲ ಇಲ್ಲ, ದೊಡ್ಡಪ್ಪನ ಮನೆಯಲ್ಲಿ ಸೂತಕ ಎಂದು ಮುಹೂರ್ತ ಮುಂದೂಡುವ ನಾವು, ಕಾರ್ಡಿನ ತಾರೀಖಿಗಾಗಿ ಮುಹೂರ್ತವನ್ನು ಹಿಂದಕ್ಕೆ ಎಳೆದುಕೊಳ್ಳಬಹುದು ಎಂದು ಯೋಚಿಸುವುದೇ ಇಲ್ಲ.

ಎಚ್-1ಬಿ ಹುಡುಗನ ಹೆಂಡತಿಯದು ಸುಖದ ದಾರಿ ಎಂದು ನಾನು ಹೇಳುತ್ತಿಲ್ಲ. ಅವಳು ಬೇಗ ಸೇರುತ್ತಾಳೆ, ಆದರೆ ಕೆಲಸ ಮಾಡುವಂತಿಲ್ಲ. 2015ರ ಮೇ 26ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಕೆಲಸದ ಪರವಾನಗಿ ಸಿಗುತ್ತಿದೆ. ಅದಕ್ಕೂ ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆ ಒಂದು ಹಂತ ದಾಟಿರಬೇಕು. ಬೆಂಗಳೂರಿನಲ್ಲಿ ಟೀಮ್ ಲೀಡ್ ಆಗಿದ್ದವಳು ಅಲ್ಲಿ ಅಪಾರ್ಟ್‌ಮೆಂಟಿನ ಕಿಟಕಿ ಪಕ್ಕ ಕೂತು ಪರವಾನಗಿಗೆ ಕಾಯುವುದೂ ಒಂದು ಅಗಲಿಕೆಯೇ.

ಇನ್ನು ಪ್ರಜೆಯಾದವನ ವಿಷಯ. ಇಲ್ಲಿ ಆಯ್ಕೆ ನಿಜವಾಗಿಯೂ ಎರಡು. ಮದುವೆಯಾಗಿ ಹೆಂಡತಿಯ ವೀಸಾದಲ್ಲಿ ಕರೆಸಿಕೊಳ್ಳುವುದು ಒಂದು. ಮದುವೆಯಾಗದೆ, ನಿಶ್ಚಿತ ವಧುವಿನ ಕೆ-1 ವೀಸಾದಲ್ಲಿ ಕರೆಸಿಕೊಂಡು ಅಲ್ಲಿಯೇ 90 ದಿನದೊಳಗೆ ಮದುವೆಯಾಗುವುದು ಇನ್ನೊಂದು. ಕೆ-1 ಹುಟ್ಟಿದ್ದು 1970ರಲ್ಲಿ. ಅರ್ಜಿ ಹಾಕುವ ಮುಂಚಿನ ಎರಡು ವರ್ಷದಲ್ಲಿ ಇಬ್ಬರೂ ಮುಖಾಮುಖಿ ಭೇಟಿಯಾಗಿರಬೇಕು ಎಂಬುದು ಅದರ ಷರತ್ತು. ಬೇಗ ಆಗುತ್ತದೆ ಎಂಬ ಮಾತು ಅದರ ಬಗ್ಗೆ ಬಹಳ ಕಾಲದಿಂದ ಇದೆ. ಕೆಲವೊಮ್ಮೆ ತಿಂಗಳುಗಳ ಮಟ್ಟಿಗೆ ನಿಜವೂ ಹೌದು.

ಆದರೆ 'ಬೇಗ' ಎಂದರೆ ಎಲ್ಲಿಯವರೆಗೆ ಬೇಗ? ಹೆಂಡತಿಯ ವೀಸಾದಲ್ಲಿ ಹೋದವಳು ವಿಮಾನ ಇಳಿದ ದಿನವೇ ಕಾಯಂ ನಿವಾಸಿ. ವೀಸಾದ ಮೇಲೆ ಬಿದ್ದ ಮುದ್ರೆಯೇ ಒಂದು ವರ್ಷದ ಮಟ್ಟಿಗೆ ಅವಳ ಗ್ರೀನ್ ಕಾರ್ಡ್. ಮರುದಿನ ಕೆಲಸಕ್ಕೆ ಸೇರಬಹುದು, ಅಮ್ಮನಿಗೆ ಹುಷಾರಿಲ್ಲ ಎಂದರೆ ಟಿಕೆಟ್ ತೆಗೆದು ಬಂದುಹೋಗಬಹುದು. ಕೆ-1ರಲ್ಲಿ ಹೋದವಳ ಕಥೆ ಇಳಿದ ಮೇಲೆ ಶುರುವಾಗುತ್ತದೆ. ಮದುವೆಯಾಗಿ, ಐ-485 ಎಂಬ ಅರ್ಜಿ ಹಾಕಿ, ಕೆಲಸದ ಪರವಾನಗಿಗೆ ಬೇರೆ, ಪ್ರಯಾಣದ ಪರವಾನಗಿಗೆ ಬೇರೆ ಅರ್ಜಿ ಹಾಕಿ ಕೂರಬೇಕು. ಪ್ರಯಾಣದ ಪರವಾನಗಿ ಕೈಗೆ ಬರುವ ಮುಂಚೆ ದೇಶ ಬಿಟ್ಟರೆ ಆ ಅರ್ಜಿ ಕೈಬಿಟ್ಟಂತೆ. ಅಪ್ಪ ತೀರಿಕೊಂಡ ಸುದ್ದಿ ಬಂದಾಗಲೂ ಹೊರಡಲಾಗದೆ ಉಳಿದವರಿದ್ದಾರೆ. ಹಣದ ಲೆಕ್ಕವೂ ಹಾಗೆಯೇ. 2024ರ ಏಪ್ರಿಲ್ 1ರ ದರಪಟ್ಟಿಯಂತೆ ಕೆ-1ಕ್ಕೆ ಪಿಟಿಷನ್ 675 ಡಾಲರ್, ವೀಸಾ 265, ಐ-485ಕ್ಕೆ 1,440, ಒಟ್ಟು 2,380. ಹೆಂಡತಿಯ ವೀಸಾಕ್ಕೆ ಪಿಟಿಷನ್ 675, ವೀಸಾ 325, ಹಣಕಾಸು ಹೊಣೆಪತ್ರದ ಪರಿಶೀಲನೆಗೆ 120, ಕಾರ್ಡಿಗೆ 235, ಒಟ್ಟು 1,355. ದರಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ದಿನ ನೋಡಿಕೊಳ್ಳಿ. ಎರಡರ ನಡುವಿನ ಅಂತರ ಮಾತ್ರ ಗಮನದಲ್ಲಿರಲಿ.

ಕೆ-1 ನಮ್ಮವರಿಗೆ ಒಗ್ಗದಿರುವುದಕ್ಕೆ ಇನ್ನೂ ದೊಡ್ಡ ಕಾರಣ ನಮ್ಮ ನಿಶ್ಚಿತಾರ್ಥಗಳು. ಛತ್ರ ಹಿಡಿದು, ಐನೂರು ಜನಕ್ಕೆ ಊಟ ಹಾಕಿಸಿ, ಇಬ್ಬರ ಕೊರಳಿಗೂ ಹಾರ ಹಾಕಿ ಕೂರಿಸಿ ಪುರೋಹಿತರು ಲಗ್ನಪತ್ರಿಕೆ ಓದುವ ಫೋಟೋ ನೋಡಿದರೆ ಮುಂಬೈ ಕಾನ್ಸುಲೇಟಿನ ಅಧಿಕಾರಿಗೆ ಇದು ಮದುವೆಯಲ್ಲ ಎಂದು ಹೇಗೆ ಗೊತ್ತಾಗಬೇಕು? 1955ರ ಹಿಂದೂ ವಿವಾಹ ಅಧಿನಿಯಮದ 7ನೇ ಕಲಮಿನ ಪ್ರಕಾರ ಶಾಸ್ತ್ರ ನಡೆದರೆ ಮದುವೆ ಆಯಿತು, ನೋಂದಣಿ ಆಗಿರಲಿ ಬಿಡಲಿ. 'ನೀವು ಈಗಾಗಲೇ ಮದುವೆಯಾಗಿದ್ದೀರಿ' ಎಂದು ತೀರ್ಮಾನಿಸಿದರೆ ಕೆ-1 ಅಲ್ಲಿಗೆ ಬಿದ್ದಂತೆ, ಮೊದಲಿನಿಂದ ಐ-130 ಹಾಕಬೇಕು. ಇನ್ನೊಂದು ಕಡೆಯಿಂದ ನೋಡಿದರೆ, ಹೆಂಡತಿಯ ವೀಸಾಕ್ಕೆ ಹೋದವರು ದೇವಸ್ಥಾನದಲ್ಲಿ ಹತ್ತು ಜನರ ಮುಂದೆ ಸರಳವಾಗಿ ತಾಳಿ ಕಟ್ಟಿಸಿಕೊಂಡಿದ್ದರೆ, 'ಇದು ಕಾಗದಕ್ಕಾಗಿ ಮಾಡಿದ ಮದುವೆಯೇ?' ಎಂಬ ಅನುಮಾನ. ಮೊದಲನೆಯವರು ಮದುವೆಯಂತೆ ಕಂಡದ್ದಕ್ಕೆ ಸಿಕ್ಕಿಬಿದ್ದರು, ಎರಡನೆಯವರು ಕಾಣದ್ದಕ್ಕೆ.

ವಧುವೋ ಹೆಂಡತಿಯೋ ಎಂಬ ಈ ಗೆರೆ ಎಷ್ಟು ಕ್ರೂರವಾಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಒಂದು ಘಟನೆಯನ್ನು ಹೇಳಲೇಬೇಕು. 1970ರ ದಶಕದಲ್ಲಿ ಭಾರತದಿಂದ ಹೋಗುವ ಹೆಂಡತಿಯರು ಹೈಕಮಿಷನ್ನಿನಿಂದ ಪ್ರವೇಶಪತ್ರ ಪಡೆಯಬೇಕಿತ್ತು, ಅದಕ್ಕೆ ದೀರ್ಘ ಕಾಯುವಿಕೆ ಇತ್ತು. ಮೂರು ತಿಂಗಳೊಳಗೆ ಮದುವೆಯಾಗಲು ಬರುವ ನಿಶ್ಚಿತ ವಧುವಿಗೆ ಅದು ಬೇಕಿರಲಿಲ್ಲ. 1979ರ ಜನವರಿ 24ರಂದು 35 ವರ್ಷದ ಒಬ್ಬ ಭಾರತೀಯ ಶಿಕ್ಷಕಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದು, ಮದುವೆಯಾಗಲು ಬಂದಿದ್ದೇನೆ ಎಂದರು. ಈಕೆ ಆಗಲೇ ಹೆಂಡತಿಯಾಗಿದ್ದು ಸಾಲು ತಪ್ಪಿಸಲು ವಧು ಎನ್ನುತ್ತಿದ್ದಾಳೆ ಎಂಬುದು ಅಧಿಕಾರಿಯ ಅನುಮಾನ. ಅದನ್ನು ಬಗೆಹರಿಸಲು ಅವರು ಮಾಡಿಸಿದ್ದು ವೈದ್ಯರಿಂದ ಕನ್ಯತ್ವ ಪರೀಕ್ಷೆ. ಫೆಬ್ರವರಿ 1ರಂದು 'ಗಾರ್ಡಿಯನ್' ಪತ್ರಿಕೆ ಇದನ್ನು ಬಯಲಿಗೆ ತಂದಿತು, ಭಾರತ ಪ್ರತಿಭಟಿಸಿತು, ಆ ಪದ್ಧತಿ ನಿಂತಿತು. ಅದು ಆ ಒಂದು ದಿನದ ಅಚಾತುರ್ಯವಾಗಿರಲಿಲ್ಲ ಎಂದು ಬ್ರಿಟಿಷ್ ಸರ್ಕಾರದ ಹಳೆಯ ಕಡತಗಳನ್ನು ಓದಿದ ಸಂಶೋಧಕರು ಮುಂದೆ ತೋರಿಸಿದರು. ಭಾರತದಲ್ಲಿದ್ದ ಅವರ ಕಚೇರಿಗಳಲ್ಲೂ ನಡೆದಿತ್ತು. ಎರಡು ದಾರಿಗಳಲ್ಲಿ ಒಂದನ್ನು ಹೆಚ್ಚು ಕಾಯಿಸುವಂತೆ ಮಾಡಿದ್ದು ಸರ್ಕಾರ. ಹತ್ತಿರದ ದಾರಿ ಹಿಡಿದವರ ಮೇಲೆ ಅನುಮಾನ ಪಟ್ಟದ್ದೂ ಸರ್ಕಾರವೇ.

ಬ್ರಿಟನ್ ಆಮೇಲೆ ಬೇರೆ ಬೇರೆ ಜರಡಿ ಹಿಡಿಯಿತು. ಮದುವೆಯ ಮುಖ್ಯ ಉದ್ದೇಶ ವಲಸೆಯಲ್ಲ ಎಂದು ದಂಪತಿಯೇ ಸಾಬೀತು ಮಾಡಬೇಕೆಂಬ ನಿಯಮವನ್ನು 1997ರಲ್ಲಿ ತೆಗೆದರು. 2012ರಲ್ಲಿ ಕರೆಸಿಕೊಳ್ಳುವವರ ಆದಾಯ ಕನಿಷ್ಠ 18,600 ಪೌಂಡ್ ಇರಬೇಕೆಂದರು, 2024ರ ಏಪ್ರಿಲ್ 11ರಿಂದ ಅದನ್ನು 29,000ಕ್ಕೆ ಏರಿಸಿದರು. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿರುವ ನಮ್ಮ ಮಂಗಳೂರು, ಉಡುಪಿ ಕಡೆಯ ನರ್ಸುಗಳಲ್ಲಿ ಊರಲ್ಲಿ ಗಂಡನನ್ನು ಬಿಟ್ಟು ಹೋದವರೂ ಇದ್ದಾರೆ. ಕಾಯುವವರು ಹೆಂಗಸರೇ ಎಂದೇನಿಲ್ಲ ಎಂದು ನೆನಪಿಸಲು ಇಷ್ಟು ಹೇಳಿದೆ.

ಈಗ ನಮ್ಮ ನೋಂದಣಿ ಕಚೇರಿಗೆ ಬರೋಣ. ಹುಡುಗನಿಗೆ ಮೂರು ವಾರದ ರಜೆ. ಛತ್ರ ಸಿಕ್ಕಿರುವುದು ಮುಂದಿನ ವರ್ಷಕ್ಕೆ. 'ಈಗ ರಿಜಿಸ್ಟರ್ ಮಾಡಿಸಿಬಿಡಿ, ಪಿಟಿಷನ್ ಹಾಕೋಣ, ಶಾಸ್ತ್ರ ಆಮೇಲೆ' ಎಂದು ಕೇಳಿಕೊಂಡು ಬರುವವರು ಬಹಳ. ನಾನು ಒಪ್ಪುವುದಿಲ್ಲ. ಅವರಿಗೆ ಬೇಸರವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಆಗಸ್ಟೀನ್ ಜಾರ್ಜ್ ಮಸೀಹ್ ಅವರ ಪೀಠ ಇದೇ ವಿಷಯದಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ. ನಾಗರತ್ನ ಅವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಕುಳಿತವರು. ಹಿಂದೂ ವಿವಾಹ ಅಧಿನಿಯಮದಡಿ ಶಾಸ್ತ್ರ ನಡೆಯದೆ ಕೇವಲ ಪ್ರಮಾಣಪತ್ರ ಪಡೆದರೆ ಅದು ಮದುವೆಯಲ್ಲ. ನೋಂದಣಿ ಎಂಬುದು ನಡೆದ ಮದುವೆಗೆ ಪುರಾವೆಯೇ ಹೊರತು ಮದುವೆಯನ್ನು ಹುಟ್ಟಿಸುವುದಿಲ್ಲ. ವೀಸಾ ಅರ್ಜಿಗಾಗಿ ಮುಂಚಿತವಾಗಿ ನೋಂದಣಿ ಮಾಡಿಸಿಕೊಳ್ಳುವ ರೂಢಿಯನ್ನೇ ಆ ತೀರ್ಪು ಪ್ರಸ್ತಾಪಿಸಿ ಎಚ್ಚರಿಸಿದೆ. ಅಮೆರಿಕದ ವಲಸೆ ಇಲಾಖೆ ಒಂದು ಮದುವೆ ಸಿಂಧುವೇ ಎಂದು ನೋಡುವುದು ಅದು ನಡೆದ ಜಾಗದ ಕಾನೂನಿನಿಂದ. ಇಲ್ಲಿ ಸಿಂಧುವಲ್ಲದ್ದರ ಮೇಲೆ ಕಟ್ಟಿದ ಪಿಟಿಷನ್, ಗ್ರೀನ್ ಕಾರ್ಡ್, ಪೌರತ್ವ ಯಾವುದಕ್ಕೂ ಭದ್ರತೆಯಿಲ್ಲ.

ನಿಜಕ್ಕೂ ಶಾಸ್ತ್ರವಿಲ್ಲದೆ ಮೊದಲು ಕಾನೂನಿನ ಮದುವೆಯೇ ಬೇಕೆಂದರೆ 1954ರ ವಿಶೇಷ ವಿವಾಹ ಅಧಿನಿಯಮ ಇದೆ. ಅಲ್ಲಿ 30 ದಿನದ ನೋಟಿಸು ಕಡ್ಡಾಯ, ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಇಲ್ಲವೇ ಮನೆಯಲ್ಲೇ ಪುರೋಹಿತರನ್ನು ಕರೆಸಿ ಸಪ್ತಪದಿ ಮುಗಿಸಿ, ಆ ಫೋಟೋ ಇಟ್ಟುಕೊಂಡು ನೋಂದಣಿ ಮಾಡಿಸಿ, ಆರತಕ್ಷತೆಯನ್ನು ಮುಂದಿನ ವರ್ಷ ಎಷ್ಟು ಬೇಕಾದರೂ ದೊಡ್ಡದಾಗಿ ಮಾಡಿಕೊಳ್ಳಿ. ವಿಡಿಯೋ ಕರೆಯಲ್ಲಿ ಮದುವೆಯಾಗುವ ಯೋಚನೆ ಬೇಡ. ಇಬ್ಬರೂ ಒಂದೇ ಕಡೆ ಹಾಜರಿಲ್ಲದೆ ನಡೆದ ಮದುವೆಯನ್ನು, ಆಮೇಲೆ ಜೊತೆಯಾಗಿ ಬಾಳಿದ್ದು ತೋರಿಸುವವರೆಗೆ ಅಮೆರಿಕದ ವಲಸೆ ಕಾನೂನು ಒಪ್ಪುವುದಿಲ್ಲ.

ಪ್ರಜೆಯಾದವನಿಗೆ ಕೆ-1 ಮತ್ತು ಹೆಂಡತಿಯ ವೀಸಾ ಬಿಟ್ಟು ಮೂರನೆಯ ದಾರಿಯೊಂದು ಕಾಗದದಲ್ಲಿ ಇದೆ. ಪ್ರಜೆಯ ಹೆಂಡತಿ ಐ-130 ಮುಗಿಯುವವರೆಗೆ ಅಲ್ಲೇ ಬಂದು ಕಾಯಲಿ ಎಂದು 2000ದ ಡಿಸೆಂಬರಿನ ಕಾನೂನು ಕೆ-3 ವೀಸಾವನ್ನು ತಂದಿತು. ಒಳ್ಳೆಯ ಯೋಚನೆ. ಆದರೆ ಐ-130 ಮೊದಲು ಮಂಜೂರಾಗಿಬಿಟ್ಟರೆ ಕೆ-3 ತಾನಾಗಿಯೇ ಮುಚ್ಚಿಹೋಗುತ್ತದೆ, ಬಹುಪಾಲು ಹಾಗೆಯೇ ಆಗುತ್ತದೆ. ಈಗ ಅದನ್ನು ನಂಬಿ ಯಾರೂ ಕೂರುವುದಿಲ್ಲ.

ವಿಸಿಟರ್ ವೀಸಾದಲ್ಲಿ ಹೋಗಿ ಅಲ್ಲೇ ಉಳಿದುಬಿಟ್ಟರೆ? ಇದನ್ನು ಸಲಹೆ ಕೊಡುವ ನೆಂಟರು ಪ್ರತಿ ಮದುವೆಯಲ್ಲೂ ಸಿಗುತ್ತಾರೆ. ಪ್ರಜೆಯ ಹೆಂಡತಿ ನೋಡಲೆಂದೇ ಹೋಗಿ, ಆಮೇಲೆ ಪರಿಸ್ಥಿತಿ ಬದಲಾಗಿ ಅಲ್ಲೇ ಅರ್ಜಿ ಹಾಕುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ ನಿಜ. ಉಳಿಯಲೆಂದೇ ಹೊರಟು, ವಿಮಾನ ನಿಲ್ದಾಣದಲ್ಲಿ 'ಎರಡು ವಾರ ಸುತ್ತಾಡಲು' ಎಂದರೆ ಅದು ಸುಳ್ಳು ಹೇಳಿಕೆ. ಅದರ ಹಣೆಪಟ್ಟಿ ಜೀವನಪೂರ್ತಿ ಉಳಿಯುತ್ತದೆ. ಗ್ರೀನ್ ಕಾರ್ಡ್‌ದಾರನ ಹೆಂಡತಿಗಂತೂ ಆ ಅವಕಾಶವೂ ಇಲ್ಲ: ವಿಸಿಟರ್ ಅವಧಿ ಮುಗಿದ ಮೇಲೆ ಉಳಿದರೆ ಅಲ್ಲಿಂದ ಅರ್ಜಿ ಹಾಕುವ ಹಕ್ಕು ಹೋಗುತ್ತದೆ. 180 ದಿನ ಮೀರಿ ಅಕ್ರಮವಾಗಿ ಉಳಿದು ಹೊರಬಂದರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಬಾಗಿಲು ಮುಚ್ಚುತ್ತದೆ. 1996ರ ಕಾನೂನು ಅದು.

ನನಗೆ ಮೆಚ್ಚುಗೆಯಾಗುವ ದಾರಿ ಬೇರೊಂದಿದೆ, ಅದು ಬೆಂಗಳೂರಿಗೇ ಹೇಳಿಮಾಡಿಸಿದಂತಿದೆ. ಹೆಂಡತಿಯೂ ಬಹುರಾಷ್ಟ್ರೀಯ ಕಂಪನಿಯಲ್ಲಿದ್ದರೆ, ಅರ್ಹತೆ ಇದ್ದರೆ, ಅವಳೇ ಎಲ್-1 ಎಂಬ ಕಂಪನಿಯೊಳಗಿನ ವರ್ಗಾವಣೆಯ ವೀಸಾದಲ್ಲೋ ಎಚ್-1ಬಿಯಲ್ಲೋ ಹೋಗಲಿ. ಈ ಎರಡೂ ವೀಸಾಗಳಿಗೆ ಕಾಯಂ ಆಗಿ ನೆಲೆಸುವ ಉದ್ದೇಶ ಅಡ್ಡಿಯಲ್ಲ. ಆದ್ದರಿಂದ ಹಿಂದೆ ಐ-130 ಬಾಕಿ ಇದ್ದರೂ ತೊಂದರೆಯಿಲ್ಲ. ಗಂಡನ ಸಾಲು ಬರುವವರೆಗೆ ಅವಳು ತನ್ನ ಸಂಬಳದ ಮೇಲೆ, ತನ್ನ ಕಾಗದದ ಮೇಲೆ ನಿಂತಿರುತ್ತಾಳೆ. ವಿದ್ಯಾರ್ಥಿ ವೀಸಾ ಹಾಗಲ್ಲ. ಓದು ಮುಗಿಸಿ ವಾಪಸು ಬರುತ್ತೇನೆ ಎಂದು ಅಲ್ಲಿ ಒಪ್ಪಿಸಬೇಕು, ಗಂಡ ಅಲ್ಲೇ ಕಾಯಂ ಇದ್ದಾನೆ ಎಂಬ ಪಿಟಿಷನ್ ಕಡತದಲ್ಲಿ ಕೂತಿರುತ್ತದೆ.

ದೂರವಿರುವ ದಂಪತಿಗೆ ಕಾಯುವ ವರ್ಷಗಳಲ್ಲಿ ಇನ್ನೊಂದು ಇಕ್ಕಟ್ಟಿದೆ. ಗ್ರೀನ್ ಕಾರ್ಡ್‌ದಾರ ಐದು ವರ್ಷ ಕಳೆದರೆ ಪ್ರಜೆಯಾಗಬಹುದು. ಆದ ದಿನವೇ ಹೆಂಡತಿಯ ಪಿಟಿಷನ್ ಎಫ್2ಎ ಸಾಲಿನಿಂದ ಎದ್ದು ಕೋಟಾ ಇಲ್ಲದ ಸಾಲಿಗೆ ಬರುತ್ತದೆ. ಆದರೆ ಆ ಐದು ವರ್ಷದಲ್ಲಿ ಅವನು ಕನಿಷ್ಠ ಅರ್ಧ ಕಾಲ, ಅಂದರೆ 30 ತಿಂಗಳು, ಅಲ್ಲಿ ಇದ್ದಿರಬೇಕು; ಒಂದೇ ಸಲ ಆರು ತಿಂಗಳು ಮೀರಿ ಊರಲ್ಲಿ ಉಳಿದರೆ ವಾಸದ ಸರಪಳಿ ಕಡಿದಂತೆ ಎಂದು ಇಲಾಖೆ ಭಾವಿಸಬಹುದು. ಹೆಂಡತಿಯ ಜೊತೆ ಹೆಚ್ಚು ದಿನ ಇದ್ದಷ್ಟೂ ಹೆಂಡತಿಯನ್ನು ಕರೆಸಿಕೊಳ್ಳುವ ದಿನ ದೂರ ಹೋಗುತ್ತದೆ. ಬಾಣಂತನಕ್ಕೆ ಬಂದ ಗಂಡ ಮೂರು ವಾರಕ್ಕೇ ಹೊರಟು ನಿಂತಾಗ ಮಾವನ ಮನೆಯವರು ಮುನಿಸಿಕೊಳ್ಳುವುದುಂಟು. ಅವನಿಗೆ ರಜೆಯ ಚಿಂತೆ ಮಾತ್ರ ಅಲ್ಲ, ಈ ಲೆಕ್ಕವೂ ಇರುತ್ತದೆ.

ಮಗುವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬಹಳ ಜನ ಇದರಲ್ಲಿ ಎಡವುತ್ತಾರೆ. ಎಫ್2ಎ ಸಾಲಿನಲ್ಲಿ ಹೆಂಡತಿಯ ಹೆಸರಿನ ಪಿಟಿಷನ್ನಿಗೆ ಮಗು ತಾನಾಗಿಯೇ ಸೇರುತ್ತದೆ. ಗಂಡ ಪ್ರಜೆಯಾಗಿ ಪಿಟಿಷನ್ ಮೇಲಿನ ಸಾಲಿಗೆ ಬಂದ ಕೂಡಲೇ ಆ ಸೇರ್ಪಡೆ ಬಿದ್ದುಹೋಗುತ್ತದೆ, ಮಗುವಿಗೆ ಪ್ರತ್ಯೇಕ ಐ-130 ಬೇಕು. ಅದನ್ನು ಹಾಕಿರದಿದ್ದರೆ ಮುಂಬೈ ಸಂದರ್ಶನದಲ್ಲಿ ತಾಯಿಗೆ ವೀಸಾ ಆಗಿ ಮಗುವಿಗೆ ಆಗದ ಪರಿಸ್ಥಿತಿ ಬರುತ್ತದೆ. ತಂದೆ ಪ್ರಜೆಯಾದ ಮೇಲೆ ಹುಟ್ಟಿದ ಮಗುವಾದರೆ, ಅದಕ್ಕೂ ಮುಂಚೆ ಅವನು ಅಮೆರಿಕದಲ್ಲಿ ಒಟ್ಟು ಐದು ವರ್ಷ ಇದ್ದ ದಾಖಲೆ ಇದ್ದರೆ, ಆ ಮಗು ಚಾಮರಾಜನಗರದ ಆಸ್ಪತ್ರೆಯಲ್ಲಿ ಹುಟ್ಟಿದರೂ ಹುಟ್ಟಿನಿಂದಲೇ ಅಮೆರಿಕದ ಪ್ರಜೆ. ಅದಕ್ಕೆ ಬೇಕಾದದ್ದು ವೀಸಾ ಅಲ್ಲ, ಪಾಸ್‌ಪೋರ್ಟು.

ದಾರಿ ಆರಿಸುವಾಗ ವೇಗವನ್ನು ಎಲ್ಲರೂ ನೋಡುತ್ತಾರೆ. ತಿರಸ್ಕಾರವಾದರೆ ಏನು ಎಂದು ನೋಡುವವರಿಲ್ಲ. ಕೆನಡಾದಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ಎರಡು ದಾರಿ: ಹೊರಗಿನಿಂದ ಹಾಕುವ ಫ್ಯಾಮಿಲಿ ಕ್ಲಾಸ್, ಒಳಗೆ ಜೊತೆಯಲ್ಲಿದ್ದು ಹಾಕುವ ಇನ್ನೊಂದು. ಹೊರಗಿನ ದಾರಿಯಲ್ಲಿ ತಿರಸ್ಕಾರವಾದರೆ ಕರೆಸಿಕೊಳ್ಳುವವರು ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಒಳಗಿನದಕ್ಕೆ ಆ ಮೇಲ್ಮನವಿ ಇಲ್ಲ. ಜೊತೆಯಲ್ಲಿರುವ ಆಸೆಗೆ ಒಳಗಿನ ದಾರಿ ಹಿಡಿದವರು ಕೊಡುವ ಬೆಲೆ ಅದು. ಅಮೆರಿಕದಲ್ಲಿ ಇದರ ತಿರುವುಮುರುವು. ಕಾನ್ಸುಲೇಟಿನ ಅಧಿಕಾರಿ ಇಲ್ಲ ಎಂದರೆ ಕೋರ್ಟುಗಳು ಸಾಮಾನ್ಯವಾಗಿ ಕೈ ಹಾಕುವುದಿಲ್ಲ. 2024ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟ್, ವಿದೇಶಿ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಪ್ರಜೆಯ ಮೂಲಭೂತ ಹಕ್ಕಲ್ಲ ಎಂದು ಬಹುಮತದಲ್ಲಿ ಹೇಳಿತು. ಮದುವೆಯಾಗುವ ಹಕ್ಕನ್ನು ಒಪ್ಪಿ, ಆ ಮದುವೆಯ ಸಂಸಾರವನ್ನು ತನ್ನ ದೇಶದಲ್ಲಿ ಹೂಡುವುದು ಹಕ್ಕಲ್ಲ ಎನ್ನುವ ಈ ತರ್ಕ ನನಗೆ ಒಪ್ಪಿಗೆಯಾಗದು. ಆದರೆ ಅದೇ ಈಗಿನ ಕಾನೂನು. ಹಾಗಾಗಿ ಕಾನ್ಸುಲೇಟಿಗೆ ಹೋಗುವ ಕಡತದಲ್ಲಿ ಮೊದಲ ಸಲವೇ ಎಲ್ಲ ಇರಬೇಕು. ಆದಾಯವು ಅಲ್ಲಿನ ಬಡತನ ರೇಖೆಯ ಶೇ 125ಕ್ಕಿಂತ ಕಡಿಮೆಯಿಲ್ಲ ಎಂಬ ಹೊಣೆಪತ್ರ, ಲಗ್ನಪತ್ರಿಕೆ, ಮದುವೆಯ ಫೋಟೋ, ಬಂದುಹೋದ ಟಿಕೆಟ್ಟು, ಹಣ ಕಳಿಸಿದ ದಾಖಲೆ, ಪೊಲೀಸ್ ಕ್ಲಿಯರೆನ್ಸ್ ಎಲ್ಲವೂ.

ನನ್ನ ತೀರ್ಮಾನ ಇಷ್ಟು. ಪ್ರಜೆಯನ್ನು ಮದುವೆಯಾಗುವವರು ಕೆ-1 ಮರೆತು ಹೆಂಡತಿಯ ವೀಸಾಕ್ಕೇ ಹೋಗಿ. ಗ್ರೀನ್ ಕಾರ್ಡ್ ಹತ್ತಿರ ಬಂದ ಹುಡುಗನಾದರೆ ಕಾರ್ಡಿಗೆ ಮುಂಚೆ ಮದುವೆ ಮುಗಿಸಿ. ಕಾರ್ಡು ಆಗಲೇ ಬಂದಿದ್ದರೆ, ಪೌರತ್ವಕ್ಕೆ ಇನ್ನೆಷ್ಟು ವರ್ಷ ಎಂದು ಕೇಳಿ, ಆ ವರ್ಷಗಳನ್ನು ಹುಡುಗಿ ಎಲ್ಲಿ, ಯಾವ ಕೆಲಸದಲ್ಲಿ ಕಳೆಯುತ್ತಾಳೆ ಎಂದು ನಿಶ್ಚಿತಾರ್ಥಕ್ಕೆ ಮುಂಚೆ ಮಾತಾಡಿ. ಅತ್ತೆಯ ಮನೆಯಲ್ಲೋ ತವರಿನಲ್ಲೋ ಸೂಟ್‌ಕೇಸ್ ಕಟ್ಟಿಟ್ಟುಕೊಂಡು ಕಾಯುವುದು ಯೋಜನೆಯಲ್ಲ. ಮಗುವಿನ ಶಾಲೆ, ಮನೆಯ ಬಾಡಿಗೆ, ಹುಡುಗಿಯ ಕೆಲಸ ಎಲ್ಲವನ್ನೂ ಇನ್ನೇನು ಹೊರಟೆ ಎಂಬ ಲೆಕ್ಕದಲ್ಲಿ ನಡೆಸಿದರೆ ಆ ವರ್ಷಗಳು ವ್ಯರ್ಥ.

ಈ ಕಾಯುವ ಕಾಲವನ್ನೇ ನೆಪ ಮಾಡಿ ಹೆಂಡತಿಯನ್ನು ಕೈಬಿಟ್ಟವರ ಪ್ರಕರಣಗಳೂ ನಮ್ಮ ಮುಂದೆ ಬರುತ್ತವೆ. ಅನಿವಾಸಿ ಭಾರತೀಯರ ಮದುವೆಯನ್ನು 30 ದಿನದೊಳಗೆ ನೋಂದಾಯಿಸಬೇಕೆಂಬ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಬಂದಿತ್ತು, ಕಾನೂನಾಗಲಿಲ್ಲ. 2024ರಲ್ಲಿ ಕಾನೂನು ಆಯೋಗವೂ ಇಂಥ ಮದುವೆಗಳಿಗೆ ಸಮಗ್ರ ಕಾನೂನು ಬೇಕೆಂದು ವರದಿ ಕೊಟ್ಟಿತು. ಅದು ಬರುವವರೆಗೆ ನಮ್ಮ ಎಚ್ಚರ ನಮ್ಮದು.

ಸಭೆಯಲ್ಲಿರುವ ಹೆಣ್ಣುಮಕ್ಕಳಲ್ಲಿ, ಅವರ ತಂದೆ ತಾಯಂದಿರಲ್ಲಿ ಒಂದು ಕೋರಿಕೆ. ವೀಸಾ ಪಾಸ್‌ಪೋರ್ಟಿನಲ್ಲಿ ಬೀಳುವವರೆಗೆ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಹಾಕಿದ ಪ್ರತಿ ಅರ್ಜಿಯ ಪ್ರತಿಯನ್ನೂ ರಸೀದಿಯನ್ನೂ ಗಂಡನಿಂದ ಪಡೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ. 'ಹಾಕಿದ್ದೇನೆ, ನಡೀತಿದೆ' ಎಂಬ ಮಾತಿಗೆ ನಿಲ್ಲಬೇಡಿ. ಆ ರಸೀದಿಯ ಮೇಲೆ ಮೂರು ಅಕ್ಷರ, ಹತ್ತು ಅಂಕಿಯ ಒಂದು ನಂಬರ್ ಇರುತ್ತದೆ. ಅದನ್ನು ಅಮೆರಿಕದ ವಲಸೆ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಅರ್ಜಿ ಎಲ್ಲಿಗೆ ಬಂದಿದೆ ಎಂದು ಮೈಸೂರಿನಲ್ಲೇ ಕೂತು ನೋಡಬಹುದು. ಅದಕ್ಕೆ ಗಂಡನ ಪಾಸ್‌ವರ್ಡ್ ಬೇಕಿಲ್ಲ.